ಜನನಪತ್ರ ಮೀಮಾಂಸೆ: ತಾತ ಹುಟ್ಟಿದ್ದನ್ನು ಕಡಿಮೆ ಖರ್ಚಿನಲ್ಲಿ ಸಾಧಿಸುವ ಕ್ರಮ

ಅನುಬಂಧ

ಗ್ರಂಥವನ್ನು ಓದಲು ಅರ್ಹರು ಯಾರು, ಅದರ ವಿಷಯವೇನು, ಎರಡಕ್ಕೂ ಸಂಬಂಧವೇನು, ಓದಿ ಪ್ರಯೋಜನವೇನು ಎಂಬ ನಾಲ್ಕು ಅನುಬಂಧಗಳನ್ನು ಮೊದಲ ಪುಟದಲ್ಲೇ ಹೇಳಿಬಿಡಬೇಕು ಎಂಬುದು ಶಾಸ್ತ್ರಕಾರರ ಕಟ್ಟಳೆ. ತನ್ನದಲ್ಲದ ಪುಸ್ತಕ ಹಿಡಿದುಕೊಂಡು ಯಾರೂ ಮಧ್ಯಾಹ್ನ ಹಾಳುಮಾಡಿಕೊಳ್ಳಬಾರದೆಂಬ ದಯೆ ಅದರ ಹಿಂದಿದೆ. ನಾವೂ ಅದೇ ದಾರಿ ಹಿಡಿಯುತ್ತೇವೆ.

ಗೀತೆಯಲ್ಲಿ ಭಗವಂತನನ್ನು ಭಜಿಸುವವರನ್ನು ಆರ್ತ, ಜಿಜ್ಞಾಸು, ಅರ್ಥಾರ್ಥಿ, ಜ್ಞಾನಿ ಎಂದು ನಾಲ್ಕು ಪಂಗಡ ಮಾಡಿದೆ. ಜನನ ಮರಣ ನೋಂದಣಿಯ ಕೌಂಟರಿನ ಮುಂದೆ ಸಾಲು ನಿಂತವರಲ್ಲೂ ಇದೇ ನಾಲ್ಕು ಪಂಗಡ ಕಾಣುತ್ತದೆ. ನಾಳಿದ್ದು ಮಗುವನ್ನು ಶಾಲೆಗೆ ಸೇರಿಸಬೇಕಾದವನು ಆರ್ತ. ತಾತನ ಹೆಸರಿನಲ್ಲೇ ಉಳಿದುಹೋದ ಎರಡೂಕಾಲು ಎಕರೆ ಖುಷ್ಕಿಯ ಹಿಂದೆ ಬಿದ್ದವನು ಅರ್ಥಾರ್ಥಿ. ಕಾಸಿನ ಲಾಭವಿಲ್ಲದಿದ್ದರೂ ಮುತ್ತಾತ ಯಾವ ಊರಿನಲ್ಲಿ ಯಾವ ದಿನ ಕಣ್ಣುಬಿಟ್ಟ ಎಂದು ತಿಳಿಯಲು ರಜೆ ಹಾಕಿ ಬಂದವನು ಜಿಜ್ಞಾಸು. ಇವನನ್ನು ಕಂಡರೆ ಗುಮಾಸ್ತರಿಗೆ ಮೊದಲು ಸಂಶಯ ಬರುತ್ತದೆ, ಆಮೇಲೆ ಕನಿಕರ. “ಯಾತಕ್ಕೆ ಬೇಕು ಸ್ವಾಮಿ?” ಎಂದು ಕೇಳಿದರೆ “ಸುಮ್ಮನೆ” ಎನ್ನುತ್ತಾನೆ. ಸರ್ಕಾರಿ ಕಚೇರಿಯಲ್ಲಿ ಅಷ್ಟು ಅಪಾಯಕಾರಿಯಾದ ಉತ್ತರ ಇನ್ನೊಂದಿಲ್ಲ. ನಾಲ್ಕನೆಯವನಾದ ಜ್ಞಾನಿ ಕೌಂಟರಿಗೆ ಬರುವುದಕ್ಕೆ ಮುಂಚೆ ಅಟ್ಟದ ಮೇಲಿನ ಟ್ರಂಕು ಇಳಿಸಿ ನೋಡುತ್ತಾನೆ. 1969ರ ಜನನ ಮರಣ ನೋಂದಣಿ ಅಧಿನಿಯಮದ 12ನೇ ಕಲಮಿನ ಪ್ರಕಾರ, ಹುಟ್ಟನ್ನು ವರದಿ ಮಾಡಿದವರಿಗೆ ಆಗಲೇ ಒಂದು ಪ್ರತಿ ಪುಕ್ಕಟೆಯಾಗಿ ಸಿಗಬೇಕು. ಅದು ಮದುವೆ ಸೀರೆಯ ಮಡಿಕೆಯಲ್ಲೋ, ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲದಲ್ಲೋ ಇರುವ ಸಂಭವ ಜಾಸ್ತಿ. ಈ ಗ್ರಂಥ ಜಿಜ್ಞಾಸುವಿಗಾಗಿ ಬರೆದದ್ದು. ಅವನನ್ನು ಜ್ಞಾನಿಯಾಗಿಸುವುದೇ ಇದರ ಪ್ರಯೋಜನ. ಗ್ರಂಥಕ್ಕೂ ವಿಷಯಕ್ಕೂ ಇರುವ ಸಂಬಂಧ ತಾಲ್ಲೂಕು ಕಚೇರಿಗೂ ಅದರೆದುರಿನ ಜೆರಾಕ್ಸ್ ಅಂಗಡಿಗೂ ಇರುವಂಥದ್ದು.

ಇನ್ನು ವಿಷಯ. ಜನನ ವರದಿಯ 1ನೇ ನಮೂನೆಯಲ್ಲಿ ಎರಡು ಪಾಲು. ಒಂದು ಕಾನೂನಿನ ಪಾಲು: ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ, ಹೆಸರು, ತಂದೆ ತಾಯಿ, ಹುಟ್ಟಿದ ಜಾಗ, ವರದಿ ಕೊಟ್ಟವರು. ಇನ್ನೊಂದು ಅಂಕಿಅಂಶದ ಪಾಲು: ತಂದೆ ತಾಯಿ ಎಷ್ಟು ಓದಿದ್ದಾರೆ, ಏನು ಕೆಲಸ, ಮದುವೆಯಾದಾಗ ತಾಯಿಯ ವಯಸ್ಸೆಷ್ಟು, ಹೆರಿಗೆಯ ಹೊತ್ತಿಗೆ ಎಷ್ಟು, ಇದು ಎಷ್ಟನೆಯ ಮಗು, ಹೆರಿಗೆ ಮಾಡಿಸಿದವರು ಸೂಲಗಿತ್ತಿಯೋ ಡಾಕ್ಟರೋ. ಮೊದಲನೆಯದು ರಿಜಿಸ್ಟರಿನಲ್ಲಿ ಉಳಿಯುತ್ತದೆ. ಎರಡನೆಯದನ್ನು ಹರಿದು ಲೆಕ್ಕಕ್ಕೆ ಕಳಿಸುತ್ತಾರೆ. ವಂಶದ ಕಥೆ ಬರೆಯುವವನಿಗೆ ಬೇಕಾದದ್ದೆಲ್ಲ ಎರಡನೆಯದರಲ್ಲಿದೆ, ಕೈಗೆ ಸಿಗುವುದು ಮೊದಲನೆಯದು. ಇದನ್ನು ತಿಳಿದೇ ಅರ್ಜಿ ಹಾಕಬೇಕು. ಐದಾರು ಸಾಲಿನ ಕಾಗದದಿಂದ ಅಜ್ಜಿಯ ಬಾಳು ಎದ್ದುಬರುತ್ತದೆಂದು ನಂಬಿದವನಿಗೆ ಎಷ್ಟು ಕಡಿಮೆ ಶುಲ್ಕವೂ ದುಬಾರಿಯೇ.

ಪ್ರಮಾಣಗಳ ಸಂಖ್ಯೆ

ತಿಳಿವಿನ ದಾರಿಗಳು ಎಷ್ಟೆಂಬ ವಿಚಾರದಲ್ಲಿ ದರ್ಶನಕಾರರಿಗೆ ಹೊಂದಾಣಿಕೆಯಿಲ್ಲ. ಚಾರ್ವಾಕನಿಗೆ ಒಂದು, ಬೌದ್ಧರಿಗೆ ಎರಡು, ಸಾಂಖ್ಯರಿಗೆ ಮೂರು, ನೈಯಾಯಿಕರಿಗೆ ನಾಲ್ಕು, ಪ್ರಾಭಾಕರರಿಗೆ ಐದು, ಭಾಟ್ಟರಿಗೆ ಆರು, ಪೌರಾಣಿಕರಿಗೆ ಎಂಟು. ಸರ್ಕಾರ ಯಾವ ಮತದ್ದು ಎಂಬುದು ನೀವು ಹುಟ್ಟಿದ ದಿನದ ಮೇಲೆ ನಿಂತಿದೆ. 2023ರ ತಿದ್ದುಪಡಿ ಕಾಯ್ದೆ ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಅಂದಿನಿಂದ ಹುಟ್ಟಿದವರಿಗೆ ಶಾಲೆ, ಮತಪಟ್ಟಿ, ಚಾಲನಾ ಪರವಾನಗಿ ಮೊದಲಾದ ಕೆಲಸಗಳಲ್ಲಿ ಹುಟ್ಟಿದ ದಿನ ಮತ್ತು ಜಾಗಕ್ಕೆ ಜನನ ಪ್ರಮಾಣ ಪತ್ರವೊಂದೇ ಆಧಾರ. ಅವರ ಪಾಲಿಗೆ ಸರ್ಕಾರ ಅಪ್ಪಟ ಚಾರ್ವಾಕ. ಅದಕ್ಕೆ ಮುಂಚೆ ಹುಟ್ಟಿದವರ ವಿಷಯದಲ್ಲಿ ಮಾತ್ರ ಅದು ಟಿ.ಸಿ., ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪ್ಯಾನ್ ಕಾರ್ಡು ಎಂದು ಹಲವನ್ನು ಒಪ್ಪುವ ಉದಾರಿ. ತಾತ ಮುತ್ತಾತಂದಿರನ್ನು ಹುಡುಕುವ ಶಾಸ್ತ್ರಕ್ಕೆ ಭಾಟ್ಟ ಮತವೇ ಸರಿ ಎಂದು ನಮ್ಮ ನಿರ್ಣಯ. ಕಾರಣ ಅನುಪಲಬ್ಧಿಯ ಪ್ರಕರಣದಲ್ಲಿ ತಿಳಿಯುತ್ತದೆ.

ಪ್ರತ್ಯಕ್ಷ

ರಿಜಿಸ್ಟರಿನ ಸಾಲನ್ನು ಕಣ್ಣಾರೆ ನೋಡಿ, ಅದರ ದೃಢೀಕೃತ ಪ್ರತಿ ಪಡೆಯುವುದು ಪ್ರತ್ಯಕ್ಷ. ಅಧಿನಿಯಮದ 17ನೇ ಕಲಮು ಜಿಜ್ಞಾಸುವಿನ ಪಾಲಿಗೆ ವರದಾನ. ನಿಯಮಗಳಿಗೆ ಒಳಪಟ್ಟು, ಯಾರು ಬೇಕಾದರೂ ಶುಲ್ಕ ಕಟ್ಟಿ ರಿಜಿಸ್ಟರಿನಲ್ಲಿ ಹುಡುಕಿಸಬಹುದು, ಪ್ರತಿ ಕೇಳಬಹುದು. “ಯಾತಕ್ಕೆ ಬೇಕು” ಎಂದವರಿಗೆ “ಸುಮ್ಮನೆ” ಎನ್ನುವ ಬದಲು “17ನೇ ಕಲಮು” ಎಂದರೆ ಮಾತು ಬೇಗ ಮುಗಿಯುತ್ತದೆ.

1999ರ ನಿಯಮಗಳಲ್ಲಿ ಹಾಕಿದ ದರ ಹೀಗಿತ್ತು: ಮೊದಲ ವರ್ಷದ ಹುಡುಕಾಟಕ್ಕೆ 2 ರೂಪಾಯಿ, ಮುಂದಿನ ಒಂದೊಂದು ವರ್ಷಕ್ಕೂ ಮತ್ತೆ 2, ಪ್ರತಿಗೆ 5, ಸಿಗಲಿಲ್ಲ ಎಂಬ ಪತ್ರಕ್ಕೆ 2. ದರಗಳು ಆಗಾಗ ಪರಿಷ್ಕರಣೆಯಾಗುತ್ತವೆ, ಕೌಂಟರಿನ ಫಲಕ ನೋಡಿಯೇ ಹಣ ತೆಗೆಯಬೇಕು. ಇಲ್ಲಿ ಮುಖ್ಯವಾದದ್ದು ಲೆಕ್ಕದ ಜಾಡು. ದೊಡ್ಡಪ್ಪ ಹುಟ್ಟಿದ ವರ್ಷ ಖಚಿತವಾಗಿ ಗೊತ್ತಿದ್ದವನಿಗೆ ಅಂದು 7 ರೂಪಾಯಿ ಸಾಕಿತ್ತು. “ಎಪ್ಪತ್ತೊಂದರಿಂದ ಎಂಬತ್ತರೊಳಗೆ ಇರಬಹುದು” ಎಂದವನಿಗೆ 25. ನಡುವಿನ 18 ರೂಪಾಯಿ ಅವನ ಅಜ್ಞಾನಕ್ಕೆ ಸರ್ಕಾರ ಕಟ್ಟಿದ ಬೆಲೆ. ಮನುಷ್ಯನ ಅಜ್ಞಾನವನ್ನು ವರ್ಷಕ್ಕಿಷ್ಟು ಎಂದು ಅಳೆಯಲು ಯಾವ ವೇದಾಂತಿಯಿಂದಲೂ ಆಗಿರಲಿಲ್ಲ, ನಿಯಮ ಬರೆದ ಗುಮಾಸ್ತರಿಂದ ಆಯಿತು.

ಶುಲ್ಕವಲ್ಲದ ಖರ್ಚು ಮೂರು ವಿಧ. ಬಸ್ಸು, ಜೆರಾಕ್ಸು, ಕಾಫಿ, ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆಂದು ತಿಳಿದಾಗ ಇನ್ನೊಂದು ಕಾಫಿ: ಇವು ನಿಯತ. ಅಫಿಡವಿಟ್ಟು, ಛಾಪಾ ಕಾಗದ, ನೋಟರಿ: ಇವು ಅನಿಯತ. ಹುಡುಕಿಸಿ ಪ್ರತಿ ಪಡೆಯುವುದಕ್ಕೆ ಸಾಮಾನ್ಯವಾಗಿ ಬೇಡವಾದರೂ ಯಾರೋ ಬೇಕೆನ್ನುತ್ತಾರೆ. ಮೂರನೆಯದು ಅದ್ವೈತಿಗಳ ಮಾಯೆಯಂತೆ ಸತ್ತೂ ಅಲ್ಲ, ಅಸತ್ತೂ ಅಲ್ಲ. ಇದೆ ಎಂದರೆ ರಸೀದಿಯಿಲ್ಲ, ಇಲ್ಲ ಎಂದರೆ ಜೇಬು ಹಗುರಾಗಿರುತ್ತದೆ. ಇದನ್ನು ಅನಿರ್ವಚನೀಯ ಖರ್ಚು ಎನ್ನಬೇಕು. 2011ರ ಸಕಾಲ ಅಧಿನಿಯಮದ ಅಡಿ ಅರ್ಜಿ ಕೊಟ್ಟು 15 ಅಂಕಿಯ ಜಿಎಸ್‌ಸಿ ಸಂಖ್ಯೆ ಪಡೆದರೆ ಇದು ಬಹುಮಟ್ಟಿಗೆ ಬಾಧಿತವಾಗುತ್ತದೆ. ಅಷ್ಟೂ ಅಂಕಿಗಳನ್ನು ಜೋರಾಗಿ ಓದಿ ಹೇಳುವ ಅರ್ಜಿದಾರನ ಮುಂದೆ ಮಾಯೆ ನಿಲ್ಲುವುದಿಲ್ಲ.

ಪ್ರತ್ಯಕ್ಷದಲ್ಲೂ ನಿರ್ವಿಕಲ್ಪಕ, ಸವಿಕಲ್ಪಕ ಎಂದು ಎರಡು ಬಗೆ. ಹೆಸರು, ಜಾತಿ ಹತ್ತಿ ತೋರುವುದು ಸವಿಕಲ್ಪಕ, ಯಾವುದೂ ಹತ್ತದೆ ‘ಏನೋ ಒಂದು ಇದೆ’ ಎಂದಷ್ಟೇ ತೋರುವುದು ನಿರ್ವಿಕಲ್ಪಕ. ಹಳೆಯ ರಿಜಿಸ್ಟರುಗಳು ತುಂಬಿರುವುದು ಇದರಿಂದಲೇ: “ಗಂಡು ಮಗು”, “ಹೆಣ್ಣು ಮಗು”. ಹುಟ್ಟನ್ನು ಬರೆಸುವ ಹೊತ್ತಿಗೆ ನಾಮಕರಣ ಆಗಿರುತ್ತಿರಲಿಲ್ಲ, ನಾಮಕರಣ ಆದಮೇಲೆ ಬರೆಸಲು ಯಾರೂ ಹೋಗುತ್ತಿರಲಿಲ್ಲ. ಹೆಸರು ಸೇರಿಸಲು 14ನೇ ಕಲಮು ದಾರಿ ಮಾಡಿಕೊಟ್ಟು, ನಿಯಮಗಳು 15 ವರ್ಷದವರೆಗೆ ಗಡುವು ಕೊಟ್ಟಿದ್ದರೂ ಎಷ್ಟೋ ಮಕ್ಕಳು ಮುದುಕರಾಗಿ ತೀರಿಹೋದರೂ ರಿಜಿಸ್ಟರಿನಲ್ಲಿ ಇನ್ನೂ ಹೆಸರಿಲ್ಲದ ಶಿಶುಗಳೇ. ಆದ್ದರಿಂದ ಅರ್ಜಿಯಲ್ಲಿ “ನಂಜುಂಡಪ್ಪ ಎಂಬುವರ ಜನನ” ಎಂದು ಬರೆದು ಹುಡುಕಿಸುವವನು ಹತ್ತು ವರ್ಷದ ಹಣ ಕಟ್ಟಿ ಬರಿಗೈಯಲ್ಲಿ ಬರುತ್ತಾನೆ. ಹುಡುಕಿಸಬೇಕಾದದ್ದು ತಂದೆಯ ಹೆಸರು, ಊರು, ತಿಂಗಳು ಇವುಗಳಿಂದ. ಈ ಒಂದು ಮಾತು ಓದುಗನಿಗೆ ಉಳಿಸುವ ದುಡ್ಡಿನಲ್ಲಿ ಈ ಗ್ರಂಥದ ಬೆಲೆ ಹುಟ್ಟುತ್ತದೆ ಎಂದು ನಮ್ಮ ನಂಬಿಕೆ.

ಶಾಸ್ತ್ರಗಳಲ್ಲಿ ಪ್ರತ್ಯಕ್ಷ ಮೊದಲು, ಉಳಿದವು ಆಮೇಲೆ. ಖರ್ಚಿನ ದೃಷ್ಟಿಯಿಂದ ಕ್ರಮ ತಿರುಗುಮುರುಗಾಗಬೇಕು. ಉಳಿದ ಪ್ರಮಾಣಗಳಿಂದ ವರ್ಷವನ್ನೂ ಊರನ್ನೂ ಹಿಂಡಿ ಹಿಂಡಿ ಸಣ್ಣದು ಮಾಡಿಕೊಂಡು, ಕಟ್ಟಕಡೆಗೆ ಕೌಂಟರಿಗೆ ಹೋಗಬೇಕು.

ಅನುಮಾನ

ಹೊಗೆ ಕಂಡು ಬೆಂಕಿಯನ್ನು ಊಹಿಸುವುದು ಅನುಮಾನ. ಅದರ ಐದು ಅವಯವಗಳನ್ನು ನಮ್ಮ ವಿಷಯಕ್ಕೆ ಹೊಂದಿಸಿದರೆ ಹೀಗಾಗುತ್ತದೆ. ಪ್ರತಿಜ್ಞೆ: ತಾತ 1917ರ ಆಸುಪಾಸಿನಲ್ಲಿ ಹುಟ್ಟಿದ. ಹೇತು: ಇನ್‌ಫ್ಲುಯೆಂಜಾ ಬಂದು ಮನೆಯಲ್ಲಿ ಮೂರು ಹೆಣ ಬಿದ್ದಾಗ ಅವನಿನ್ನೂ ಕಂಕುಳ ಕೂಸಾಗಿದ್ದ. ಉದಾಹರಣೆ: ಯಾರ್ಯಾರು ಆ ಕಾಯಿಲೆ ಬಂದಾಗ ಕಂಕುಳಲ್ಲಿದ್ದರೋ ಅವರೆಲ್ಲ ಅದರ ಹಿಂದಿನ ಒಂದೆರಡು ವರ್ಷದಲ್ಲಿ ಹುಟ್ಟಿದವರು, ಪಕ್ಕದ ಮನೆಯ ಶಿವಪ್ಪನ ಹಾಗೆ. ಉಪನಯ: ತಾತನೂ ಅಂಥವನೇ. ನಿಗಮನ: ಆದ್ದರಿಂದ ಹಾಗೆ. 1918ರ ಆ ಸಂವತ್ಸರದ ಹೆಸರು ಕಾಳಯುಕ್ತಿ. ಹೆಸರಿಟ್ಟವರಿಗೆ ಮೊದಲೇ ಗೊತ್ತಿತ್ತೇನೋ.

ನಮ್ಮ ಹಿರಿಯರಿಗೆ ದಿನಾಂಕ ನೆನಪಿರುತ್ತಿರಲಿಲ್ಲ, ವಿಪತ್ತು ನೆನಪಿರುತ್ತಿತ್ತು. ಹೀಗಾಗಿ ಜಿಜ್ಞಾಸು ಒಂದು ವಿಪತ್ತುಗಳ ಪಂಚಾಂಗ ಇಟ್ಟುಕೊಳ್ಳಬೇಕು. ಧಾತು ಈಶ್ವರದ ಬರ 1876ರಿಂದ 1878. ಬೆಂಗಳೂರಿಗೆ ಪ್ಲೇಗು ಬಂದದ್ದು 1898. ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರುಗಳನ್ನು ಮುಳುಗಿಸಿದ ಮಾರಿಬೊಳ್ಳ 1923. ಕಾವೇರಿಯ ದೊಡ್ಡ ನೆರೆ ಅದರ ಮರುವರ್ಷ. “ನೆರೆ ಇಳಿದ ಮೇಲೆ ಮೂರನೇ ತಿಂಗಳಿಗೆ ಹುಟ್ಟಿದ್ದು” ಎಂಬ ಸಾಕ್ಷ್ಯ ಕೈಯಲ್ಲಿದ್ದರೆ ಹುಡುಕಾಟ ಒಂದೇ ವರ್ಷದ ಒಂದೇ ಮೂಲೆಗೆ ಇಳಿಯುತ್ತದೆ.

ಜಾತಕ ಸಿಕ್ಕಿದರಂತೂ ಹಬ್ಬ. ಅದರಲ್ಲಿ ಸಂವತ್ಸರ, ಮಾಸ, ತಿಥಿ, ನಕ್ಷತ್ರ, ಸೂರ್ಯೋದಯದಿಂದ ಎಷ್ಟು ಘಳಿಗೆಗೆ ಜನನ ಎಂಬುದೂ ಇರುತ್ತದೆ. ಸರ್ಕಾರಿ ಪತ್ರ ದಿನ ಹೇಳಿ ಸುಮ್ಮನಾದರೆ ಜಾತಕ 24 ನಿಮಿಷದ ಘಳಿಗೆಯವರೆಗೂ ಬರುತ್ತದೆ. ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆಯವರ ‘ಇಂಡಿಯನ್ ಎಫೆಮೆರಿಸ್’ ಯಾವುದಾದರೂ ಹಳೆಯ ಗ್ರಂಥಾಲಯದಲ್ಲಿ ಸಿಕ್ಕರೆ ತಿಥಿಯನ್ನು ತಾರೀಖಿಗೆ ತಿರುಗಿಸಿಕೊಳ್ಳಬಹುದು, ಖರ್ಚಿಲ್ಲ. ಅಪಾಯ ಒಂದೇ: ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ, ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ಪಿಂಗಳ ಸಂವತ್ಸರದ ತಿಮ್ಮೇಗೌಡನೆಂದರೆ 1917ರವನೂ ಆಗಬಹುದು, 1977ರವನೂ ಆಗಬಹುದು.

ಅನುಮಾನಕ್ಕೆ ಹೇತ್ವಾಭಾಸಗಳ ಕಾಟ ಉಂಟು. ಅವುಗಳಲ್ಲಿ ರಾಜ ಜೂನ್ 1. ಕರ್ನಾಟಕದ ಒಂದು ತಲೆಮಾರಿನ ಶಾಲಾ ದಾಖಲೆಗಳನ್ನು ನಂಬುವುದಾದರೆ ಕನ್ನಡಿಗರಲ್ಲಿ ಬಹುಪಾಲು ಜನ ಜೂನ್ 1ರಂದು, ಶಾಲೆ ತೆರೆಯುವ ಮುಹೂರ್ತಕ್ಕೆ ಸರಿಯಾಗಿ ಹುಟ್ಟಿದ್ದಾರೆ. ಹುಡುಗ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ವಯಸ್ಸು ಸಾಕು, ದಿನಾಂಕವನ್ನು ಮೇಷ್ಟ್ರು ಬರೆದುಕೊಳ್ಳುತ್ತಿದ್ದರು. ಟಿ.ಸಿ.ಯಲ್ಲಿ ಜೂನ್ 1 ಕಂಡಾಗ ತಿಳಿಯಬೇಕಾದದ್ದು ತಾತ ಎಂದು ಹುಟ್ಟಿದ ಎಂದಲ್ಲ, ಅವನ ತೋಳು ಎಂದು ಉದ್ದವಾಯಿತು ಎಂದು.

ಉಪಮಾನ

ಹಸುವಿನಂತಿರುವುದು ಕಾಡಿನ ಗವಯ ಎಂದು ಕೇಳಿ ತಿಳಿದು, ಕಾಡಿನಲ್ಲಿ ಅದನ್ನು ಗುರುತಿಸುವುದು ಉಪಮಾನ. ನಮ್ಮ ರಿಜಿಸ್ಟರಿನ ಗವಯ ಇಂಗ್ಲೆಂಡಿನದು. ಅಲ್ಲಿ ನಾಗರಿಕ ನೋಂದಣಿ ಶುರುವಾದದ್ದು 1837ರ ಜುಲೈ 1ಕ್ಕೆ. ಸೂಚಿಯನ್ನು ಮನೆಯಲ್ಲೇ ಕುಳಿತು ಪುಕ್ಕಟೆ ಹುಡುಕಬಹುದು, ಪ್ರತಿಗೆ ಮಾತ್ರ ಹಣ, ಹಳೆಯ ಹುಟ್ಟುಗಳಿಗೆ ದೃಢೀಕೃತ ಕಾಗದಕ್ಕಿಂತ ಡಿಜಿಟಲ್ ಪ್ರತಿ ಬಹಳ ಅಗ್ಗ. ಬೆಂಗಳೂರು ದಂಡು ಪ್ರದೇಶದಲ್ಲೋ ಕೋಲಾರದ ಚಿನ್ನದ ಗಣಿಯಲ್ಲೋ ಹುಟ್ಟಿ ಬ್ರಿಟನ್, ಆಸ್ಟ್ರೇಲಿಯಗಳಿಗೆ ಹೋದ ಆಂಗ್ಲೋ ಇಂಡಿಯನ್ ಮನೆತನಗಳವರು ತಮ್ಮವರನ್ನು ಹುಡುಕುವುದು ಮುನಿಸಿಪಾಲಿಟಿಯಲ್ಲಲ್ಲ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ. ಚರ್ಚುಗಳ ದೀಕ್ಷಾಸ್ನಾನದ ಪಟ್ಟಿಗಳ ನಕಲು ಮದ್ರಾಸಿನ ಲೆಕ್ಕದಲ್ಲಿ ಅಲ್ಲಿಗೆ ಹೋಗಿ ಸೇರಿದೆ. ಅದಕ್ಕೂ ಉಚಿತ ಸೂಚಿಗಳಿವೆ. ಇಲ್ಲಿ ಹುಡುಕಾಟಕ್ಕೇ ಹಣ, ಅಲ್ಲಿ ಸಿಕ್ಕಿದ್ದಕ್ಕೆ ಹಣ. ಎರಡನೆಯದೇ ನ್ಯಾಯ ಎಂದು ನಮಗೆ ತೋರುತ್ತದೆ.

ಶಬ್ದ

ಆಪ್ತರಾದವರ ಮಾತು ಶಬ್ದಪ್ರಮಾಣ. ಆಪ್ತರಲ್ಲಿ ಮನೆಯ ಅಜ್ಜಿ ಮೊದಲನೆಯವಳು. ಅವಳಿಗೆ ಯಾರ ಬಾಣಂತನ ಯಾವ ಮಳೆಯಲ್ಲಿ ಆಯಿತು ಎಂಬುದು ಗೊತ್ತಿರುತ್ತದೆ. ಕೃತ್ತಿಕೆಯೋ ಆರಿದ್ರೆಯೋ ಎಂದು ಅವಳು ಹೇಳಿದರೆ ಹದಿಮೂರು ಹದಿನಾಲ್ಕು ದಿನದ ಕಟ್ಟು ಸಿಕ್ಕಿತು. ಅವಳಿಂದ ಒಂದೇ ಪಟ್ಟಿನಲ್ಲಿ ಎಲ್ಲ ಕೇಳಬಾರದು. ಅವರೆಕಾಯಿ ಸುಲಿಯುವ ಹೊತ್ತು ಇದಕ್ಕೆ ಪ್ರಶಸ್ತ.

ವೃತ್ತಿಪರ ಆಪ್ತರಲ್ಲಿ ಅಗ್ರಗಣ್ಯರು ಉತ್ತರ ಕರ್ನಾಟಕದ ಹೆಳವರು. ಕಾಲನ್ನು ಕಂಬಳಿಯಲ್ಲಿ ಮರೆಮಾಡಿ ಎತ್ತಿನ ಮೇಲೆ ಕೂತು ಊರಿಗೆ ಬಂದು, ಮನೆಮನೆಯ ಮುಂದೆ ಆ ಮನೆಯ ಮೂಲಪುರುಷನಿಂದ ಹಿಡಿದು ಈಗಿನವರವರೆಗೆ ಹೆಸರು ಹೇಳುವುದು ಇವರ ಕಸುಬು. ಬಳ್ಳಾರಿ ಸೀಮೆಯ ಹೆಳವರ ವಿಷಯವನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟವಾದ ತನ್ನ ಸಂಪುಟಗಳಲ್ಲಿ ಬರೆದಿದ್ದಾನೆ. ಈಗ ಎತ್ತಿನ ಜಾಗಕ್ಕೆ ವಾಹನವೂ ಬಾಯಿಪಾಠದ ಜಾಗಕ್ಕೆ ಪುಸ್ತಕವೂ ಬಂದಿವೆ. ಒಕ್ಕಲುತನದ ಮನೆಗಳವರು ಸುಗ್ಗಿಯ ನಂತರ ಇವರ ದಾರಿ ಕಾಯುತ್ತಾರೆ. ಹೊಸದಾಗಿ ಹುಟ್ಟಿದ ಗಂಡುಮಕ್ಕಳ ಹೆಸರು ಬರೆಸುತ್ತಾರೆ, ಕಾಳು, ಬಟ್ಟೆ, ದಕ್ಷಿಣೆ ಕೊಡುತ್ತಾರೆ.

ಖರ್ಚಿನ ತಕ್ಕಡಿಯಲ್ಲಿ ಇಟ್ಟರೆ ಹೆಳವ ಅಗ್ಗವೋ, ಸರ್ಕಾರಿ ಪ್ರತಿ ಅಗ್ಗವೋ? ಪೂರ್ವಪಕ್ಷ: ಚೀಲ ಜೋಳದ ಬೆಲೆಗೆ ಎಷ್ಟೋ ಸರ್ಕಾರಿ ಪ್ರತಿ ಬರುತ್ತವೆ, ಆದ್ದರಿಂದ ಹೆಳವ ದುಬಾರಿ. ಸಿದ್ಧಾಂತ: ಸರ್ಕಾರಿ ಪ್ರತಿ ಒಬ್ಬನ ಹುಟ್ಟನ್ನಷ್ಟೇ ಹೇಳುತ್ತದೆ. ಹೆಳವ ಏಳೆಂಟು ತಲೆಮಾರು, ಬಿಟ್ಟುಬಂದ ಊರು, ಬೆಡಗು, ಯಾರು ಯಾರಿಂದ ಪಾಲಾದರು ಎಂಬುದನ್ನೂ ಹೇಳುತ್ತಾನೆ. ತಲೆಗಿಷ್ಟು ಎಂದು ಹಾಕಿದರೆ ಅವನೇ ಅಗ್ಗ. ಜೊತೆಗೆ, ಮನೆಗೇ ಬರುತ್ತಾನೆ. ತೊಡಕು ಬೇರೆಯೇ ಇದೆ. ಅವನ ಪುಸ್ತಕ ನಡೆಯುವುದು ಗಂಡಿನ ಜಾಡಿನಲ್ಲಿ. ತಾರೀಖು ಅವನಿಗೆ ಬೇಡ. ಕಾಶಿ, ಗಯೆ, ತ್ರ್ಯಂಬಕಗಳ ಪಂಡಾಗಳು ಬರೆದಿಡುವ ಬಹಿ ಪುಸ್ತಕಗಳಲ್ಲಿ ತಾರೀಖು ಇರುತ್ತದೆ, ಆದರೆ ಅದು ನಿಮ್ಮ ಹಿರಿಯರು ಅಲ್ಲಿಗೆ ಹೋದ ದಿನದ್ದು. ಹರಿದ್ವಾರ ಮೊದಲಾದ ಕಡೆಯ ಬಹಿಗಳನ್ನು ಅಮೆರಿಕದ ಯೂಟಾದ ವಂಶಾವಳಿ ಸಂಘ ಮೈಕ್ರೋಫಿಲ್ಮ್ ಮಾಡಿರುವುದರಿಂದ ರೈಲು ಚಾರ್ಜಾದರೂ ಉಳಿಯಬಹುದು.

ಅರ್ಥಾಪತ್ತಿ

ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆ ಎಂದು ತಿಳಿಯುವುದು ಅರ್ಥಾಪತ್ತಿ. ದೇವದತ್ತನ ಊಟ ಎಲ್ಲಿದೆಯೋ, ನಮಗೆ ಮಾತ್ರ ಹೊಲದಲ್ಲಿದೆ. ಹುಟ್ಟನ್ನು ಬರೆಸಲು ಅಸಡ್ಡೆ ಮಾಡಿದ ಮನೆಯವರು ಜಮೀನನ್ನು ಬರೆಸಲು ಮಾಡಿರುವುದಿಲ್ಲ. ತಾತ ತೀರಿದ ಮೇಲೆ ಆದ ಪೌತಿ ಖಾತೆಯಲ್ಲಿ ಮಕ್ಕಳ ಹೆಸರುಗಳಿರುತ್ತವೆ. ಅವರಲ್ಲೊಬ್ಬನ ಮುಂದೆ “ಮೈನರ್, ಗಾರ್ಡಿಯನ್ ತಾಯಿ” ಎಂದಿದ್ದರೆ, 1875ರ ವಯಸ್ಕತನದ ಕಾಯ್ದೆಯಂತೆ ಅವನಿಗೆ ಆಗ 18 ತುಂಬಿರಲಿಲ್ಲ. ಕೋರ್ಟೇ ಗಾರ್ಡಿಯನ್‌ನನ್ನು ನೇಮಿಸಿದ್ದರೆ, 1999ಕ್ಕೆ ಮುಂಚಿನ ಖಾತೆಗಳಲ್ಲಿ 21 ಎಂದು ಹಿಡಿಯಬೇಕು. ಹತ್ತು ವರ್ಷದ ಗೊಂದಲ ಹೀಗೆ ನಾಲ್ಕಕ್ಕೆ ಇಳಿಯುತ್ತದೆ.

ಹುಟ್ಟು ಸಿಗದಿದ್ದರೆ ಸಾವನ್ನು ಹುಡುಕು ಎಂಬುದು ಈ ಪ್ರಕರಣದ ಇನ್ನೊಂದು ಸೂತ್ರ. ಮರಣದ ರಿಜಿಸ್ಟರಿನಲ್ಲಿ ವಯಸ್ಸು ಬರೆದಿರುತ್ತದೆ, ಕಳೆದರೆ ಹುಟ್ಟಿದ ವರ್ಷ. ಆಸ್ತಿಗೆ, ಪಿಂಚಣಿಗೆ ಬೇಕಾದ್ದರಿಂದ ಸಾವನ್ನು ಮನೆಯವರು ಬರೆಸಿರುವ ಸಂಭವ ಹೆಚ್ಚು. ಆದರೆ ಆ ವಯಸ್ಸು ಹೆಣದ ಮುಂದೆ ನಿಂತು ಅಂದಾಜಿನ ಮೇಲೆ ಹೇಳಿದ್ದು. 60, 70, 80ರಲ್ಲೇ ಅಷ್ಟು ಜನ ತೀರಿಹೋಗಿರುವುದನ್ನು ಕಂಡರೆ ಯಮಧರ್ಮನಿಗೂ ದುಂಡು ಅಂಕಿಯ ಮೋಹ ಎನ್ನಿಸುತ್ತದೆ.

ಅನುಪಲಬ್ಧಿ

ಈಗ ಭಾಟ್ಟ ಮತವನ್ನು ಏಕೆ ಹಿಡಿದೆವೆಂದು ಹೇಳಬೇಕು. ನೆಲದ ಮೇಲೆ ಗಡಿಗೆ ಇಲ್ಲ ಎಂಬ ತಿಳಿವು ಹೇಗೆ ಬರುತ್ತದೆ? ಕಾಣದಿರುವುದೇ ಒಂದು ಪ್ರತ್ಯೇಕ ಪ್ರಮಾಣ ಎಂದ ಕುಮಾರಿಲ ಭಟ್ಟ. ಪ್ರಭಾಕರ ಒಪ್ಪಲಿಲ್ಲ. ಜನನ ಮರಣ ನೋಂದಣಿ ನಿಯಮಗಳು ಕುಮಾರಿಲನ ಕಡೆ. ಹುಡುಕಿದರೂ ಸಿಗದಿದ್ದರೆ ‘ಲಭ್ಯವಿಲ್ಲ’ ಎಂದು ಸಹಿ ಮೊಹರು ಹಾಕಿ ಕೊಡಲು ಅವುಗಳಲ್ಲಿ 10ನೇ ನಮೂನೆಯೇ ಇದೆ. ಇಲ್ಲದಿರುವುದನ್ನು ಚೌಕಟ್ಟಿನೊಳಗೆ ಮುದ್ರಿಸಿ ಕೈಗೆ ಕೊಡುವ ಸಾಧನೆ ದಾರ್ಶನಿಕರಿಂದಲೂ ಆಗಿರಲಿಲ್ಲ.

ಜಿಜ್ಞಾಸುಗಳು ಈ ಕಾಗದ ಕಂಡು ಕುಗ್ಗುತ್ತಾರೆ. ತಪ್ಪು. ಯಾವ ವರ್ಷಗಳಲ್ಲಿ, ಯಾವ ರಿಜಿಸ್ಟರಿನಲ್ಲಿ ಇಲ್ಲ ಎಂದು ಗೊತ್ತಾದರೆ ಮತ್ತೆ ಅಲ್ಲೇ ಹಣ ಸುರಿಯುವುದು ತಪ್ಪುತ್ತದೆ. ಆದರೆ ‘ಇಲ್ಲ’ ಎಂಬುದು ನಾಲ್ಕು ಬಗೆಯೆಂದು ತಾರ್ಕಿಕರು ಹೇಳಿದ್ದಾರೆ, ಯಾವುದೆಂದು ತಿಳಿಯದೆ ಮುಂದಿನ ಹೆಜ್ಜೆ ಇಡಬಾರದು.

ಪ್ರಾಗಭಾವ: ಹುಟ್ಟುವ ಮುಂಚಿನ ಇಲ್ಲದಿರುವಿಕೆ. ಈಗಿನ ಕಾಯ್ದೆಯ ರಿಜಿಸ್ಟರು ನಮ್ಮಲ್ಲಿ ಕಣ್ಣುಬಿಟ್ಟದ್ದೇ 1970ರಲ್ಲಿ. ಅದರ ಹಿಂದೆ ಹೋದರೆ ಕರ್ನಾಟಕವೇ ಇಲ್ಲ. ಹಳೇ ಮೈಸೂರು ಸಂಸ್ಥಾನದ್ದು ಒಂದು ಪದ್ಧತಿ. ಮಂಗಳೂರು, ಬಳ್ಳಾರಿ, ಕೊಳ್ಳೇಗಾಲಗಳು ಮದ್ರಾಸಿಗೆ ಸೇರಿದ್ದವು, ಆ ಪ್ರಾಂತ್ಯಕ್ಕೆ 1899ರ ನೋಂದಣಿ ಕಾಯ್ದೆ ಇತ್ತು. ಬೆಳಗಾವಿ, ಬಿಜಾಪುರ, ಧಾರವಾಡ, ಕಾರವಾರ ಮುಂಬೈಯವು, ಹಳೆಯ ಕಾಗದ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ಇದ್ದರೂ ಇರಬಹುದು. ಬೀದರ, ಕಲಬುರಗಿ, ರಾಯಚೂರು ನಿಜಾಮರವು, ಉರ್ದು ಬಲ್ಲವರನ್ನು ಕರೆದೊಯ್ಯಬೇಕು. ಕೊಡಗು ತನ್ನಷ್ಟಕ್ಕೆ ತಾನು. ಸಂಡೂರು, ಸವಣೂರು, ಜಮಖಂಡಿ, ಮುಧೋಳ, ರಾಮದುರ್ಗಗಳಲ್ಲಿ ಹುಟ್ಟಿದ ಮುತ್ತಾತನಿದ್ದರೆ ಅವನಿಗೊಬ್ಬ ರಾಜನೂ ಇದ್ದ. ಕರಾವಳಿಯ ಕ್ರೈಸ್ತರಿಗೆ ಚರ್ಚಿನ ಪುಸ್ತಕ ಉಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರ ಕಾಗದಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ. ತಾತನ ಊರು 1956ಕ್ಕೆ ಮುಂಚೆ ಯಾರ ಕೆಳಗಿತ್ತು ಎಂದು ತಿಳಿಯಲು ಶಾಲೆಯ ಗೋಡೆಯ ನಕ್ಷೆ ಸಾಲದು.

ಪ್ರಧ್ವಂಸಾಭಾವ: ಇದ್ದದ್ದು ಹಾಳಾಗಿ ಇಲ್ಲವಾದದ್ದು. ಕರ್ತೃಗಳು ಗೆದ್ದಲು, ಮಳೆ, ಕಟ್ಟಡ ಬದಲಾವಣೆ. ಹಳ್ಳಿಯ ಹಳೆಯ ರಿಜಿಸ್ಟರುಗಳು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಬಂದು, ಕೆಂಪು ಬಟ್ಟೆಯ ಗಂಟಿನಲ್ಲಿ ಪುಡಿಯಾಗುತ್ತವೆ. ಇದಕ್ಕೆ ಪರಿಹಾರವಿಲ್ಲ. ಅರ್ಥಾಪತ್ತಿಗೆ ಹಿಂದಿರುಗಬೇಕು.

ಅತ್ಯಂತಾಭಾವ: ಯಾವತ್ತೂ ಇಲ್ಲದ್ದು. ಅಂದರೆ ಬರೆಸಲೇ ಇಲ್ಲ. ಕೆಲವರು ಇಲ್ಲಿ ಹುಮ್ಮಸ್ಸಿನಿಂದ 13ನೇ ಕಲಮು ಹಿಡಿದು, ವರ್ಷ ಮೀರಿದ ಹುಟ್ಟನ್ನು ಮ್ಯಾಜಿಸ್ಟ್ರೇಟರ ಆದೇಶದಿಂದ ಈಗ ನೋಂದಾಯಿಸಲು ಹೊರಡುತ್ತಾರೆ. ಪಾಸ್‌ಪೋರ್ಟಿಗೆ, ಪಿಂಚಣಿಗೆ ಬೇಕಾದವರು ಮಾಡಲಿ. ವಂಶದ ಇತಿಹಾಸಕ್ಕೆಂದು ಮಾಡುವುದು ದುಡ್ಡು ಕೊಟ್ಟು ತನ್ನ ಊಹೆಗೇ ಮೊಹರು ಹಾಕಿಸಿಕೊಳ್ಳುವ ಕೆಲಸ. ನಾವು ಕೊಟ್ಟ ಅಫಿಡವಿಟ್ಟು ಸರ್ಕಾರಿ ಕಾಗದವಾಗಿ ಮರಳಿ ಬಂದರೆ ಅದು ತಾತನ ವಿಷಯದಲ್ಲಿ ಹೊಸದಾಗಿ ಏನನ್ನೂ ಹೇಳುವುದಿಲ್ಲ. ಮುಂದಿನ ತಲೆಮಾರಿನ ಜಿಜ್ಞಾಸು ಅದನ್ನು ಪ್ರತ್ಯಕ್ಷವೆಂದು ನಂಬಿ ಮೋಸ ಹೋಗುತ್ತಾನೆ.

ಅನ್ಯೋನ್ಯಾಭಾವ: ಗಡಿಗೆ ಬಟ್ಟೆಯಲ್ಲ, ಬಟ್ಟೆ ಗಡಿಗೆಯಲ್ಲ. ಇಲ್ಲಿಲ್ಲ, ಏಕೆಂದರೆ ಅಲ್ಲಿದೆ. ನಾವು ಕಂಡಂತೆ ‘ಲಭ್ಯವಿಲ್ಲ’ ಎಂಬುದು ಬಹಳ ಸಲ ಇದೇ. ಹುಟ್ಟು ದಾಖಲಾಗುವುದು ಮಗು ಹುಟ್ಟಿದ ಜಾಗದಲ್ಲಿ, ಮನೆತನದ ಊರಿನಲ್ಲಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ಪದ್ಧತಿ. ಆದರೂ ಮೊಮ್ಮಗ ಮುತ್ತಾತನನ್ನು ಹುಡುಕಲು ಮುತ್ತಾತನ ಅಪ್ಪನ ಊರಿಗೇ ಹೋಗಿ ಹತ್ತು ವರ್ಷದ ಶುಲ್ಕ ಕಟ್ಟುತ್ತಾನೆ. ಹಿರಿಯ ಮಗನಾದರೆ ತಾಯಿಯ ತವರು, ಕಿರಿಯರಾದರೆ ತಂದೆಯ ಊರು, ಆಸ್ಪತ್ರೆಯ ಹೆರಿಗೆಯಾದರೆ ಆಸ್ಪತ್ರೆಯಿರುವ ಪಟ್ಟಣ ಎಂಬ ಕ್ರಮದಲ್ಲಿ ಹೋಗಬೇಕು. ಅಜ್ಜಿಗೆ ಮೊದಲು ಕೇಳಬೇಕಾದದ್ದು “ಯಾವಾಗ” ಎಂದಲ್ಲ, “ಬಾಣಂತನ ಎಲ್ಲಿ” ಎಂದು.

ಶಂಕಾ ಪರಿಹಾರ

ಪೌರಾಣಿಕರ ಇನ್ನೆರಡು ಪ್ರಮಾಣಗಳಾದ ಸಂಭವ, ಐತಿಹ್ಯಗಳನ್ನು ಏಕೆ ಬಿಟ್ಟಿರಿ ಎಂದರೆ, ನೂರರಲ್ಲಿ ಐವತ್ತು ಅಡಗಿದೆ ಎನ್ನುವ ಸಂಭವ ಶುಲ್ಕವನ್ನು ಹೆಚ್ಚಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಐತಿಹ್ಯದ ಪ್ರಕಾರ ಪ್ರತಿಯೊಂದು ಮನೆತನವೂ ಯಾವುದೋ ಅರಸನ ಕಾಲದಲ್ಲಿ ಯಾವುದೋ ಊರಿಂದ ರಾತ್ರೋರಾತ್ರಿ ದೇವರ ಪೆಟ್ಟಿಗೆ ಹೊತ್ತು ಬಂದದ್ದು. ಅದಕ್ಕೆ ನಮೂನೆಯಿಲ್ಲ.

ಮುತ್ತಜ್ಜಿಯನ್ನು ಹುಡುಕುವುದು ಹೇಗೆ ಎಂಬ ಶಂಕೆಗೆ ಉತ್ತರ ಕೊಂಚ ಉದ್ದ. ಅವಳು ರಿಜಿಸ್ಟರಿನಲ್ಲಿ ಬರಿಯ “ಹೆಣ್ಣು ಮಗು”. ತವರಿನಲ್ಲಿ ಒಂದು ಹೆಸರು, ಮದುವೆಯಾದ ಮೇಲೆ ಇನ್ನೊಂದು. ಹೆಳವನ ಪುಸ್ತಕದಲ್ಲಿ ಅವಳಿಗೆ ಸಾಲಿಲ್ಲ, ವಂಶವೃಕ್ಷದ ಪ್ರಮಾಣಪತ್ರ ಅವಳನ್ನು ಯಾರದೋ ಹೆಂಡತಿ ಎಂದು ಹೇಳಿ ಸುಮ್ಮನಾಗುತ್ತದೆ. ಆದರೆ ಹುಟ್ಟಿನ ರಿಜಿಸ್ಟರು, ತನಗೇ ಗೊತ್ತಿಲ್ಲದೆ, ಹೆಣ್ಣಿನ ಜಾಡು ಹಿಡಿಯುತ್ತದೆ. 1970ರ ಈಚಿನ ನಮೂನೆಯಲ್ಲಿ ತಾಯಿಯ ಹೆಸರಿಗೆ ಜಾಗವಿದೆ, ಹಳೆಯದರಲ್ಲಿ ಇಲ್ಲದಿದ್ದರೂ ಚೊಚ್ಚಲ ಮಗು ಹುಟ್ಟಿದ ಊರೆಂದರೆ ತಾಯಿಯ ತವರು. ಆ ಊರಿಗೆ ಹೋಗಿ ಅವಳ ತಂದೆಯ ಹೆಸರು ತಿಳಿದು, ಅವನ ಮಗಳ ಹುಟ್ಟನ್ನು ಹುಡುಕಿಸಿದರೆ ಅದು ಮತ್ತೆ ಅವಳ ತಾಯಿಯ ತವರಿಗೆ ಕಳಿಸುತ್ತದೆ. ಗಂಡಿನ ವಂಶ ಒಂದೇ ಹೊಲದಂಚಿನಲ್ಲಿ ನಿಂತಿದ್ದರೆ ಹೆಣ್ಣಿನ ವಂಶ ತಾಲ್ಲೂಕಿನಿಂದ ತಾಲ್ಲೂಕಿಗೆ ನಡೆಯುತ್ತದೆ. ಇದನ್ನು ಹಿಂಬಾಲಿಸುವವರಿಗೆ ಶುಲ್ಕಕ್ಕಿಂತ ಬಸ್ ಚಾರ್ಜೇ ಭಾರ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇರುವುದರಿಂದ, ಈ ಹುಡುಕಾಟವನ್ನು ಮನೆಯ ಸೊಸೆಯೋ ಮಗಳೋ ವಹಿಸಿಕೊಂಡರೆ ನಿಯತ ಖರ್ಚಿನ ದೊಡ್ಡ ಪಾಲು ಇಳಿಯುತ್ತದೆ. ಜೊತೆಗೆ ಬರುತ್ತೇನೆನ್ನುವ ಗಂಡಸರು ಟಿಕೆಟ್ ತೆಗೆದುಕೊಳ್ಳಬೇಕು.